ಹಾಲ್‌ನ ಒಂದು ಗೋಡೆಗೆ ಡಾರ್ಕ್ ಟೆರಾಕೋಟಾ ಪೇಂಟ್ ಹೊಡೆಸಿದ್ರೆ ರೂಮ್ ಕತ್ತಲೆ ಅನ್ಸುತ್ತಾ?

ಗೋಡೆ ಸರಿಯಾಗಿ ಆರಿಸಿಕೊಂಡ್ರೆ ಅನ್ಸಲ್ಲ. ಕಿಟಕಿ ಇರೋ ಗೋಡೆಗೆ ಮಾತ್ರ ಬೇಡ, ಹೊರಗಿನ ಬೆಳಕು ನೇರ ಕಣ್ಣಿಗೆ ಬೀಳೋದ್ರಿಂದ ಆ ಗೋಡೆ ಮಂಕಾಗಿ ಕಾಣುತ್ತೆ, ಅದರ ಎದುರಿನ ಗೋಡೆಗೆ ಹೊಡೆಸಿ, ಬಿಸಿಲು ಬಿದ್ದಾಗ ಹಳೇ ಹೆಂಚಿನ ಮನೆ ಥರ ಎಷ್ಟು ಚೆನ್ನಾಗಿರುತ್ತೆ ಗೊತ್ತಾ! ಈ ಬಣ್ಣ ನಮಗೇನು ಹೊಸದಲ್ಲ, ಜೇಡಿಮಣ್ಣಲ್ಲಿರೋ ಕಬ್ಬಿಣದ ಅಂಶ ಸುಟ್ಟಾಗ ಬರೋ ಕೆಂಪು, ಮಂಗಳೂರು ಹೆಂಚಲ್ಲಿ ದಿನಾ ನೋಡಿರೋದೇ.

ಜನ ತಪ್ಪು ಮಾಡೋದು ಲೈಟಲ್ಲಿ. 6500ಕೆ (ಕೆ ಅಂದ್ರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಬಿಳಿ ಎಲ್ಇಡಿ ಹಾಕಿದ್ರೆ ಗೋಡೆ ಜೀವ ಇಲ್ದಂಗೆ ಕಾಣುತ್ತೆ, 2700 ಇಲ್ಲ 3000ಕೆ ವಾರ್ಮ್ ಬಲ್ಬ್ ಹಾಕಿ ನೋಡಿ, ಬಣ್ಣಾನೇ ಬೇರೆ ಅನ್ಸುತ್ತೆ. ಫಿನಿಶ್ ಹೊಳಪಿಲ್ಲದ ಮ್ಯಾಟ್ ತಗೊಳ್ಳಿ, ಶೀನ್ ಅಂದ್ರೆ ಹೊಳಪು ಇರೋದ್ರಲ್ಲಿ ಲೈಟ್ ಹೊಳೆದು ಪುಟ್ಟಿಯ ಉಬ್ಬುತಗ್ಗೆಲ್ಲ ಎದ್ದು ಕಾಣುತ್ತೆ. ಆದ್ರೆ ಚಿಕ್ಕ ಮಕ್ಕಳಿದ್ರೆ ಒರೆಸಿದ್ರೆ ಕಲೆ ಹೋಗೋ ವಾಷಬಲ್ ಮ್ಯಾಟೇ ಕೇಳಿ.

ಉಳಿದ ಮೂರು ಗೋಡೆಗೆ ಅಚ್ಚ ಬಿಳಿ ಬೇಡ, ಕೆನೆ ಬಣ್ಣ ಸಾಕು. ತೇಗದ ಮರ, ಹಿತ್ತಾಳೆ ದೀಪ, ಹಸಿರು ಗಿಡ ಎಲ್ಲಾ ಹೊಂದುತ್ತೆ. ನೆಲ ಆಗಲೇ ರೆಡ್ ಆಕ್ಸೈಡ್ ಆಗಿದ್ರೆ ಮಾತ್ರ ನಾನು ಬೇಡ ಅಂತೀನಿ, ಕೆಂಪು ಜಾಸ್ತಿ ಆಗುತ್ತೆ.

ಶೇಡ್ ಕಾರ್ಡ್ ಒಂದನ್ನೇ ನಂಬಬೇಡಿ, ಸ್ಯಾಂಪಲ್ ಡಬ್ಬಿ ತಂದು ಎರಡಡಿ ಜಾಗಕ್ಕೆ ಎರಡು ಕೋಟ್ ಹೊಡೆದು, ಒಣಗಿದ ಮೇಲೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಲೈಟಲ್ಲಿ ನೋಡಿ ಆಮೇಲೆ ಪೇಂಟರ್‌ಗೆ ಹೇಳಿ.