ತೂಕ ಇಳಿದರೆ ಮೊದಲು ಕಫ ಪರೀಕ್ಷೆ, ಆಮೇಲೆ ಪುಡಿ ಡಬ್ಬಿಯ ಮಾತು

ಓದುಗರ ಪ್ರಶ್ನೆ, ಆಹಾರ ತಜ್ಞರ ಉತ್ತರ. ಈ ಸಲ ಎಚ್‌ಐವಿ ಇರುವವರ ಊಟದ ಬಗ್ಗೆ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನನ್ನ ತಮ್ಮ ಆರು ತಿಂಗಳಿಂದ ಎಆರ್‌ಟಿ (ಎಚ್‌ಐವಿ ಹತೋಟಿಯ) ಗುಳಿಗೆ ತಗೋತಿದ್ದಾನೆ. 58 ಕೆ.ಜಿ. ಇದ್ದವನು 51ಕ್ಕೆ ಬಂದಿದ್ದಾನೆ. ಬಾಯಿ ತುಂಬ ಹುಣ್ಣು, ಖಾರ ಮುಟ್ಟುವುದಿಲ್ಲ. ನಂಜು ಅಂತ ಮನೆಯಲ್ಲಿ ಶೇಂಗಾ, ಬದನೆಕಾಯಿ ಬಿಡಿಸಿದ್ದಾರೆ. ಅಂಗಡಿಯವರು 1,800 ರೂಪಾಯಿಯ ಪ್ರೋಟೀನ್ ಪುಡಿ ಹೇಳುತ್ತಾರೆ. ಕೊಡಬಹುದೇ?
(ಮುಂಡರಗಿ)

ಉತ್ತರ: 58ರಿಂದ 51 ಅಂದರೆ ಮೈತೂಕದ ಶೇ. 12 ಹೋಗಿದೆ. ಇದು ಊಟದ ಕೊರತೆಯೊಂದರಿಂದಲೇ ಆಗಿದೆ ಎಂದು ಮನೆಯಲ್ಲಿ ಕೂತು ತೀರ್ಮಾನಿಸಬೇಡಿ. ಮುಂದಿನ ಗುಳಿಗೆಯ ತಾರೀಖಿನವರೆಗೂ ಕಾಯದೆ, ಈ ವಾರವೇ ಅವರನ್ನು ಎಆರ್‌ಟಿ ಕೇಂದ್ರಕ್ಕೆ ಕರೆದೊಯ್ಯಿರಿ. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಈ ನಾಲ್ಕರಲ್ಲಿ ಒಂದಿದ್ದರೂ ಕಫ ಕೊಟ್ಟು ಕ್ಷಯದ ಪರೀಕ್ಷೆ ಆಗಬೇಕು. ಕ್ಷಯ ಒಳಗಿದ್ದರೆ ಎಷ್ಟು ಉಣಿಸಿದರೂ ಮೈ ಹತ್ತುವುದಿಲ್ಲ. ಕ್ಷಯ ಖಚಿತವಾದರೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮೊದಲು ಅದು 500 ಇತ್ತು. ಬಾಯಿಯನ್ನೂ ವೈದ್ಯರಿಗೆ ತೋರಿಸಿ. ಮೊಸರಿನ ಚೂರಿನಂಥ ಬಿಳಿ ಪದರು ಇದ್ದು ನುಂಗುವಾಗ ನೋವಾದರೆ ಅದು ಶಿಲೀಂಧ್ರದ ಸೋಂಕು. ಅದಕ್ಕೆ ಔಷಧವೇ ಬೇಕು, ತುಪ್ಪ ಸವರಿದರೆ ಹೋಗುವುದಿಲ್ಲ.

ಇನ್ನು ಊಟ. ಎಚ್‌ಐವಿ ಇದ್ದೂ ಆರೋಗ್ಯವಾಗಿರುವ ವಯಸ್ಕರಿಗೆ ಮಾಮೂಲಿಗಿಂತ ಶೇ. 10ರಷ್ಟು ಹೆಚ್ಚು ಕ್ಯಾಲೊರಿ ಸಾಕು. ನಿಮ್ಮ ತಮ್ಮನಂತೆ ಕಾಯಿಲೆಯ ಲಕ್ಷಣ ಇರುವವರಿಗೆ ಶೇ. 20ರಿಂದ 30 ಹೆಚ್ಚು ಬೇಕು. 2,000 ಕ್ಯಾಲೊರಿ ಉಣ್ಣುವವರಿಗೆ ಇದು ದಿನಕ್ಕೆ 400ರಿಂದ 600. ಒಂದು ಹಿಡಿ, ಅಂದರೆ 30 ಗ್ರಾಂ ಹುರಿದ ಶೇಂಗಾ ಮತ್ತು ಒಂದು ಸಣ್ಣ ಚೂರು ಬೆಲ್ಲದಿಂದಲೇ ಸುಮಾರು 200 ಬರುತ್ತದೆ. ಒಂದು ಲೋಟ ಹಾಲು, ಒಂದು ಬೇಯಿಸಿದ ತತ್ತಿ, ಒಂದು ಬಾಳೆಹಣ್ಣು, ನುಚ್ಚಿನ ಮೇಲೆ ಒಂದು ಚಮಚ ತುಪ್ಪ ಸೇರಿದರೆ 550ರ ಹತ್ತಿರ. ನೀವು ಬಿಡಿಸಿದ್ದು ಇದರಲ್ಲಿ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಪುಷ್ಟಿಯ ಆಹಾರವನ್ನೇ! ಎಚ್‌ಐವಿಗೆಂದು ಯಾವ ಪಥ್ಯವೂ ಇಲ್ಲ. ಶೇಂಗಾ ಇಂದೇ ಶುರುಮಾಡಿ. ಮುಗ್ಗು ಹಿಡಿದ, ಕಹಿ ಕಾಳು ಮಾತ್ರ ಆರಿಸಿ ಬಿಸಾಡಿ.

ಹುಣ್ಣು ಮಾಯುವವರೆಗೆ ಕಟಕ ರೊಟ್ಟಿ ಬೇಡ. ಬಿಸಿ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಡಿ. ಜೋಳದ ನುಚ್ಚು ಮಜ್ಜಿಗೆ, ಸಜ್ಜಕ, ಮೆತ್ತಗೆ ಬೆಂದ ಹೆಸರುಬೇಳೆ ನಡೆಯುತ್ತವೆ. ಶೇಂಗಾ ಹಿಂಡಿಯನ್ನು (ಚಟ್ನಿಪುಡಿ) ಮೆಣಸಿನಕಾಯಿ ಇಲ್ಲದೆ ನುಣ್ಣಗೆ ಕುಟ್ಟಿ ಬೇಳೆಗೆ ಕಲಸಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ನಿಜ. ಹುಣ್ಣಾದ ಬಾಯಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಮೂರು ಊಟದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ.

ಪುಡಿಯ ವಿಷಯ. ಬೆಲೆ ಹೋಗಲಿ, ಡಬ್ಬಿಯ ಹಿಂದಿನ ಪಟ್ಟಿ ಓದಿ. ಕ್ಯಾಲ್ಸಿಯಂ, ಕಬ್ಬಿಣ, ಸತು, ಮೆಗ್ನೀಸಿಯಂ ಸೇರಿಸಿದ ಪುಡಿಗಳೇ ಹೆಚ್ಚು. ಈಗ ಎಆರ್‌ಟಿಯಲ್ಲಿ ಬಹುತೇಕರಿಗೆ ಕೊಡುವ, ಮೂರು ಔಷಧ ಸೇರಿದ ಟಿಎಲ್‌ಡಿ ಗುಳಿಗೆಯಲ್ಲಿ ಡೊಲುಟೆಗ್ರಾವಿರ್ ಎಂಬ ಔಷಧ ಇದೆ. ಖಾಲಿ ಹೊಟ್ಟೆಯಲ್ಲಿ ಪುಡಿ, ಗುಳಿಗೆ ಎರಡೂ ಒಟ್ಟಿಗೆ ಸೇರಿದರೆ ಆ ಲೋಹಗಳು ಔಷಧಕ್ಕೆ ಅಂಟಿಕೊಂಡು ಅದು ಪೂರ್ತಿ ರಕ್ತ ಸೇರದಂತೆ ತಡೆಯುತ್ತವೆ. ಗುಳಿಗೆಯ ಬಲ ಕುಗ್ಗುತ್ತದೆ. 1,800 ರೂಪಾಯಿಗೆ ತಿಂಗಳಿಡೀ ಹಾಲು, ತತ್ತಿ ಕೊಡಬಹುದು. ನಮ್ಮ ಮಾತು: ಪುಡಿ ಬೇಡ.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ರಾತ್ರಿ 9ಕ್ಕೆ ಟಿಎಲ್‌ಡಿ ತಗೋತೇನೆ. ಆರೋಗ್ಯ ಕೇಂದ್ರದಲ್ಲಿ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಎರಡೂ ಕೊಟ್ಟಿದ್ದಾರೆ. ಎಲ್ಲ ರಾತ್ರಿಯೇ ನುಂಗಿದರೆ ನಡೆದೀತೇ?
(ರಾಣೆಬೆನ್ನೂರು)

ಉತ್ತರ: ಬೇಡ ತಾಯಿ, ಹಂಚಿ ತಗೊಳ್ಳಿ. ಬೆಳಿಗ್ಗೆ 8ಕ್ಕೆ ನಾಷ್ಟಾ ಜೊತೆ ಒಂದು ಕ್ಯಾಲ್ಸಿಯಂ, 11ಕ್ಕೆ ಕಬ್ಬಿಣ, ಮಧ್ಯಾಹ್ನ 1.30ಕ್ಕೆ ಊಟದ ಜೊತೆ ಇನ್ನೊಂದು ಕ್ಯಾಲ್ಸಿಯಂ, ರಾತ್ರಿ 9ಕ್ಕೆ ಟಿಎಲ್‌ಡಿ. ಟಿಎಲ್‌ಡಿ ಈ ಗುಳಿಗೆಗಳಿಗಿಂತ 2 ತಾಸು ಮೊದಲು ಅಥವಾ 6 ತಾಸು ಆಮೇಲೆ ಇರಬೇಕು ಎಂಬುದು ಲೆಕ್ಕ. ಒಂದು ದಿನ ಹೊತ್ತು ತಪ್ಪಿ ಕೂಡಿಯೇ ಬಂದರೆ ಹೊಟ್ಟೆ ತುಂಬ ಉಂಡು ಊಟದ ಜೊತೆಗೇ ತಗೊಳ್ಳಿ. ಅನ್ನ ಇದ್ದರೆ ಆ ತಡೆ ಆಗುವುದಿಲ್ಲ. ಎದೆಯುರಿಗೆ ಕುಡಿಯುವ ಆಂಟಾಸಿಡ್‌ಗೆ ಮಾತ್ರ ಈ ರಿಯಾಯಿತಿ ಇಲ್ಲ, ಊಟ ಮಾಡಿದ್ದರೂ ಅಂತರ ಬೇಕೇ ಬೇಕು. ಕಬ್ಬಿಣದ ಗುಳಿಗೆಯ ಹಿಂದೆ ಮುಂದೆ ಒಂದು ತಾಸು ಚಹಾ ಬೇಡ, ಲಿಂಬೆ ಪಾನಕ ಆಗಬಹುದು.

ಪ್ರಶ್ನೆ: ಟಿಎಲ್‌ಡಿಗೆ ಬದಲಾದ ಮೇಲೆ 62 ಕೆ.ಜಿ.ಯಿಂದ 74 ಆಗಿದ್ದೇನೆ. ಸಕ್ಕರೆ ಕಾಯಿಲೆಯೂ ಬಂದಿದೆ. ಗುಳಿಗೆ ಬಿಡಲೇ?
(ಹುಬ್ಬಳ್ಳಿ)

ಉತ್ತರ: ಬಿಡಬೇಡಿ. ಡೊಲುಟೆಗ್ರಾವಿರ್‌ನಿಂದ ಕೆಲವರಿಗೆ ತೂಕ ಏರುವುದುಂಟು. ಆದರೆ ಗುಳಿಗೆ ಬಿಟ್ಟರೆ ವೈರಸ್ ವಾರಗಳಲ್ಲೇ ಮತ್ತೆ ಏರುತ್ತದೆ. ಸಕ್ಕರೆಗೆ ಮೆಟ್‌ಫಾರ್ಮಿನ್ ಕೊಟ್ಟಿದ್ದರೆ, ಕೊಟ್ಟ ವೈದ್ಯರಿಗೆ ಟಿಎಲ್‌ಡಿ ವಿಷಯ ಹೇಳಲೇಬೇಕು. ಡೊಲುಟೆಗ್ರಾವಿರ್ ಮೆಟ್‌ಫಾರ್ಮಿನ್‌ನ ಪ್ರಮಾಣವನ್ನು ರಕ್ತದಲ್ಲಿ ಹೆಚ್ಚಿಸುತ್ತದೆ, ಹಾಗಾಗಿ ಅದನ್ನು ದಿನಕ್ಕೆ 1,000 ಮಿ.ಗ್ರಾಂ.ಗೆ ಮಿತಿಗೊಳಿಸುತ್ತಾರೆ. ಸಂಜೆಯ ಗಿರ್ಮಿಟ್ ಇರಲಿ, ಅದರ ಜೊತೆಗಿನ ಮಿರ್ಚಿ ಬಜಿ ಬಿಡಿ. ಜೋಳ ಸಕ್ಕರೆಗೆ ಒಳ್ಳೆಯದೆಂದು ನಾಲ್ಕು ರೊಟ್ಟಿ ಉಂಡರೆ ಅನ್ನ ಬಿಟ್ಟದ್ದಕ್ಕೆ ಅರ್ಥವಿಲ್ಲ: ಎರಡು ರೊಟ್ಟಿ, ಒಂದು ಬಟ್ಟಲು ಕಾಳಿನ ಪಲ್ಯ, ಸೊಪ್ಪು, ಮಜ್ಜಿಗೆ.

ಪ್ರಶ್ನೆ: ತಾಟು, ಲೋಟ ಬೇರೆ ಇಡಬೇಕೇ? ಊಟದ ಜೊತೆ ಹಸಿ ಮೆಂತ್ಯ, ಹಕ್ಕರಿಕೆ ತಿನ್ನಬಹುದೇ?
(ಧಾರವಾಡ)

ಉತ್ತರ: ತಾಟು ಬೇರೆ ಬೇಡ. ಒಟ್ಟಿಗೆ ಉಂಡರೆ ಎಚ್‌ಐವಿ ಬರುವುದಿಲ್ಲ. ಎಚ್ಚರ ಬೇಕಾದ್ದು ಇದಕ್ಕೆ ಉಲ್ಟಾ: ಎಚ್‌ಐವಿ ಇರುವವರಿಗೇ ಆಹಾರದಿಂದ ಬೇರೆ ಸೋಂಕು ತಗಲಬಾರದು. ಸಿಡಿ4 ಎಣಿಕೆ (ರೋಗ ತಡೆಯುವ ರಕ್ತಕಣಗಳ ಲೆಕ್ಕ) 200ಕ್ಕಿಂತ ಕಡಿಮೆ ಇದ್ದರೆ ಹಸಿ ಸೊಪ್ಪು ಸದ್ಯ ಬೇಡ, ಬೇಳೆಯಲ್ಲಿ ಹಾಕಿ ಬೇಯಿಸಿ. ಎಣಿಕೆ ಚೆನ್ನಾಗಿದ್ದರೆ ಬೇರು ಕತ್ತರಿಸಿ, ಎಲೆ ಬಿಡಿಸಿ, ಮೂರು ಸಲ ಹೊಸ ನೀರಿನಲ್ಲಿ ತೊಳೆದು ತಿನ್ನಬಹುದು. ನಳ ದಿನಾಲೂ ಬಾರದೆ ಡ್ರಮ್ಮಿನಲ್ಲಿ ನೀರು ತುಂಬಿಡುವ ಮನೆಯಾದರೆ, ಕೊನೆಯ ಸಲ ತೊಳೆಯುವುದಕ್ಕೂ ಕುಡಿಯುವುದಕ್ಕೂ ಕೊತಕೊತ ಕುದಿಸಿ ಆರಿಸಿದ ನೀರನ್ನೇ ಬಳಸಿ.