ರಿಯಲಿಸಂ: ಕಾದಂಬರಿ ಮೊದಲೋ, ಚಿತ್ರ ಮೊದಲೋ?

ನಮಸ್ಕಾರ. ರಿಯಲಿಸಂ, ಅಂದರೆ ಬದುಕನ್ನು ಇದ್ದ ಹಾಗೇ ತೋರಿಸುವ ಪಂಥ, ಮೊದಲು ಕಾದಂಬರಿಯಲ್ಲಿ ಹುಟ್ಟಿ, ಚಿತ್ರಕಾರರು ಆಮೇಲೆ ಅದನ್ನು ಹಿಂಬಾಲಿಸಿದರಾ ಎಂದು ಕೇಳಿದ್ದೀರಿ. ಫ್ರಾನ್ಸಿನ ಮಟ್ಟಿಗೆ ನನ್ನ ಉತ್ತರ: ಅಷ್ಟು ಸಲೀಸಲ್ಲ.

ಕಾದಂಬರಿಕಾರ ಬಾಲ್ಜಾಕ್ 1830ರ ದಶಕದಲ್ಲೇ ಸಾಲ, ಬಾಡಿಗೆ, ವರದಕ್ಷಿಣೆಯ ಲೆಕ್ಕವನ್ನೆಲ್ಲ ಕಥೆಗೆ ತಂದಿದ್ದ, ನಿಜ. ಆದರೆ ರಿಯಲಿಸಂ ಎಂಬ ಹೆಸರನ್ನು ಬಾವುಟದ ಹಾಗೆ ಎತ್ತಿ ಹಿಡಿದವನು ಚಿತ್ರಕಾರ ಗುಸ್ತಾವ್ ಕೂರ್ಬೆ. ಅವನ 'ಒರ್ನಾನ್ಸ್‌ನಲ್ಲಿ ಒಂದು ಶವಸಂಸ್ಕಾರ' ಚಿತ್ರವನ್ನು ಒಮ್ಮೆ ನೋಡಿ. ಸುಮಾರು 6.6 ಮೀಟರ್ ಅಗಲ! ಅಷ್ಟು ದೊಡ್ಡ ಕ್ಯಾನ್ವಾಸ್ ಆಗ ರಾಜರಿಗೆ, ದೇವರಿಗೆ, ಯುದ್ಧಗಳಿಗೆ ಮೀಸಲು. ಕೂರ್ಬೆ ಅದರಲ್ಲಿ ತನ್ನ ಊರಿನ ಮಾಮೂಲಿ ಜನರನ್ನು ಸಾಲಾಗಿ ನಿಲ್ಲಿಸಿದ. ಮುಂದೆ ಒಂದು ಗುಂಡಿ, ಪಕ್ಕದಲ್ಲಿ ಒಂದು ನಾಯಿ. ಯಾರ ಮುಖದಲ್ಲೂ ಮಹಾ ಭಾವವಿಲ್ಲ. ಪ್ಯಾರಿಸ್ಸಿನವರಿಗೆ ಸಿಟ್ಟು ಬಂದದ್ದು ಅದಕ್ಕೇ.

1855ರಲ್ಲಿ ಪ್ಯಾರಿಸ್ಸಿನ ವಿಶ್ವ ಪ್ರದರ್ಶನದವರು ಇದನ್ನು ಬೇಡ ಎಂದಾಗ, ಅಲ್ಲೇ ಹತ್ತಿರ ತನ್ನದೇ ಮಂಟಪ ಹಾಕಿ 'ರಿಯಲಿಸಂ' ಎಂದು ಬೋರ್ಡು ಹಾಕಿದ. ಹಠ ಅಂದ್ರೆ ಹಠ! ಅಲ್ಲಿಟ್ಟ ಇನ್ನೊಂದು ಚಿತ್ರ 'ಚಿತ್ರಕಾರನ ಸ್ಟುಡಿಯೋ'. ಅದರ ಬಲಮೂಲೆಯಲ್ಲಿ ಓದುತ್ತಾ ಕೂತವನು ಕವಿ ಬೋದಿಲೇರ್. ಅಂದರೆ ಸಾಹಿತಿಗಳು, ಚಿತ್ರಕಾರರು ಎರಡೂ ಕಡೆಯವರು ಒಂದೇ ಕೋಣೆಯಲ್ಲಿದ್ದರು, ಅಲ್ವಾ?

ಫ್ಲೋಬೇರನ 'ಮದಾಮ್ ಬೊವಾರಿ' ಕಾದಂಬರಿ ಕೋರ್ಟು ಮೆಟ್ಟಿಲು ಹತ್ತಿದ್ದು 1857ರಲ್ಲಿ, ಇದಾದ ಮೇಲೆ. ತಮಾಷೆ ಏನೆಂದರೆ, ಅವನಿಗೆ ರಿಯಲಿಸ್ಟ್ ಎಂಬ ಹಣೆಪಟ್ಟಿ ಕಂಡರೇ ಆಗುತ್ತಿರಲಿಲ್ಲ.