ಚಿತ್ರಕ್ಕಿಂತ ಕಟ್ಟೇ ದುಬಾರಿಯಾದಾಗ

ಪ್ರಶ್ನೆ: ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋಗಿದ್ದಾಗ 12 × 18 ಇಂಚಿನ ಮೂರು ಜಲವರ್ಣ ಚಿತ್ರಗಳನ್ನು ಕೊಂಡೆ. ಅವಕ್ಕೆ ಕಟ್ಟು ಹಾಕಿಸಲು ಅಂಗಡಿಯವರು ಕೇಳಿದ ಮೊತ್ತ ಚಿತ್ರಗಳಿಗೆ ಕೊಟ್ಟ ಹಣವನ್ನೂ ಮೀರಿಸಿದೆ. ಲ್ಯಾಮಿನೇಷನ್ ಮಾಡಿಸಿದರೆ ಸಾಲದೇ?
– ಓದುಗರೊಬ್ಬರು, ಸಾಗರ

ಉತ್ತರ: ಲ್ಯಾಮಿನೇಷನ್ ಮಾತ್ರ ಬೇಡ. ಕಾಗದಕ್ಕೆ ಒಮ್ಮೆ ಅಂಟಿಕೊಂಡ ಪ್ಲಾಸ್ಟಿಕ್ ಹಾಳೆಯನ್ನು ಚಿತ್ರಕ್ಕೆ ಪೆಟ್ಟಾಗದಂತೆ ಬಿಡಿಸಲು ಬರುವುದಿಲ್ಲ. ಅಚ್ಚಾದ ದೇವರ ಪಟಕ್ಕೆ ಅದು ಸರಿ, ಕೈಯಲ್ಲಿ ಬರೆದ ಚಿತ್ರಕ್ಕಲ್ಲ.

ಕಟ್ಟಿನ ಪಟ್ಟಿಗೆ ಸಾಮಾನ್ಯವಾಗಿ ಅಡಿ ಲೆಕ್ಕದಲ್ಲಿ ಬೆಲೆ ಹಾಕುತ್ತಾರೆ. ನಿಮ್ಮ ಚಿತ್ರದ ಸುತ್ತಳತೆ 60 ಇಂಚು. ಸುತ್ತಲೂ 2 ಇಂಚಿನ ಮೌಂಟ್ (ಚಿತ್ರದ ಸುತ್ತ, ಗಾಜಿನ ಕೆಳಗೆ ಕೂರಿಸುವ ರಟ್ಟಿನ ಅಂಚು) ಬಿಡಿಸಿದರೆ ಅದು 76 ಇಂಚಿಗೇರುತ್ತದೆ, ಗಾಜು 216 ಚದರ ಇಂಚಿನ ಬದಲು 352 ಚದರ ಇಂಚು ಬೇಕಾಗುತ್ತದೆ. ಹಾಗೆಂದು ಮೌಂಟನ್ನೇ ಕೈಬಿಡಬೇಡಿ. ಚಿತ್ರಕ್ಕೂ ಗಾಜಿಗೂ ನಡುವೆ ಸಂದು ಉಳಿಸುವುದು ಅದೇ. ಆ ಸಂದಿಲ್ಲದಿದ್ದರೆ ನಿಮ್ಮೂರಿನ ಮಳೆಗಾಲದ ತೇವಕ್ಕೆ ಕಾಗದ ಗಾಜಿಗೆ ಅಂಟಿ, ಬೂಷ್ಟು ಹಿಡಿಯುವ ಸಂಭವ ಹೆಚ್ಚು. ಮೌಂಟಿನ ಅಗಲವನ್ನು 1 ಇಂಚಿಗೆ ಇಳಿಸಿದರೆ ಗಾಜು 280 ಚದರ ಇಂಚಿಗೆ ನಿಲ್ಲುತ್ತದೆ. ತೇಗದ ಪಟ್ಟಿಯ ಬದಲು ಸಿಂಥೆಟಿಕ್ ಪಟ್ಟಿ ಆರಿಸಿದರೆ ಇನ್ನಷ್ಟು ಉಳಿಯುತ್ತದೆ, ಚಿತ್ರಕ್ಕೆ ಅದರಿಂದ ಯಾವ ನಷ್ಟವೂ ಇಲ್ಲ.

ನಾನಾಗಿದ್ದರೆ ಒಂದೇ ಕಟ್ಟು ಹಾಕಿಸುತ್ತಿದ್ದೆ. ಮೂರೂ ಒಂದೇ ಅಳತೆಯವಾದ್ದರಿಂದ, ಹಿಂಬದಿಯ ಹಲಗೆಯನ್ನು ಮೊಳೆಯ ಬದಲು ತಿರುಗಿಸುವ ಕ್ಲಿಪ್ಪುಗಳಿಂದ ಕೂರಿಸಲು ಹೇಳಿ, ನಾಲ್ಕು ತಿಂಗಳಿಗೊಮ್ಮೆ ಚಿತ್ರ ಬದಲಿಸಬಹುದು. ಉಳಿದೆರಡು ಕಪಾಟಿನಲ್ಲಿ ಮಟ್ಟಸವಾಗಿ ಮಲಗಿರಲಿ. ಬಣ್ಣ ಬೆಳಕಿಗೆ ಮಾಸುವುದೂ ಅಷ್ಟು ತಗ್ಗುತ್ತದೆ.

ಅಟ್ಟದ ಮೇಲೆ ಹಳೆಯ ಮದುವೆ ಫೋಟೊಗಳ ಕಟ್ಟುಗಳಿದ್ದರೆ ಇಳಿಸಿ ನೋಡಿ. ದೊಡ್ಡದಾದರೆ ಅಂಗಡಿಯವರು ಕತ್ತರಿಸಿ ಕೂಡಿಸಿಕೊಡುತ್ತಾರೆ, ಆದರೆ ಹಳೆಯ ರಟ್ಟನ್ನು ಹಾಗೆಯೇ ಬಳಸಿದರೆ ಅದರ ಆಮ್ಲಕ್ಕೆ ಕಾಗದ ಹಳದಿಯಾಗುವುದರಿಂದ ನಡುವೆ ಆಮ್ಲರಹಿತ ಹಾಳೆಯೊಂದನ್ನು ಇಡಬೇಕು. ಸಿದ್ಧ ಕಟ್ಟು ಕೊಳ್ಳುವುದಾದರೆ ಅಳತೆ ಗಮನಿಸಿ: ಎ3 ಕಟ್ಟು 29.7 × 42 ಸೆಂ.ಮೀ., ನಿಮ್ಮ ಚಿತ್ರ ಸುಮಾರು 30.5 × 45.7 ಸೆಂ.ಮೀ. ಕಟ್ಟಿಗೆ ಹೊಂದಲೆಂದು ಚಿತ್ರದ ಅಂಚು ಕತ್ತರಿಸುವವರೂ ಇದ್ದಾರೆ, ದಯವಿಟ್ಟು ಅವರ ಮಾತಿಗೆ ಒಪ್ಪಬೇಡಿ.

ಚಿತ್ರವನ್ನು ಸೆಲ್ಲೊಟೇಪಿನಿಂದ ಅಂಟಿಸದೆ, ಕಾಗದ ಮಡಚಿ ಮಾಡಿದ ಮೂಲೆಗಳಲ್ಲಿ ಸಿಕ್ಕಿಸಿ. ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗಳಿಗೆ ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ಮಳೆ ಹೊಡೆಯುವ ಗೋಡೆಗಂತೂ ತೂಗುಹಾಕಬೇಡಿ.